ಕೊಳಗ, ಕುರ್ಚಿ ಮತ್ತು ಕಾದಂಬರಿ

ತೀರ್ಥಹಳ್ಳಿಯಲ್ಲಿ ನಡೆದ ಒಂದು ಕಥಾ ಕಮ್ಮಟಕ್ಕೆ ನಮ್ಮನ್ನು ಕರೆದಿದ್ದರು. ಬಂದವರೆಲ್ಲ ಕಾಲೇಜು ಓದುವ ಹುಡುಗ ಹುಡುಗಿಯರು. ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಸಾಗರದ ಕಡೆಯ ಹುಡುಗನೊಬ್ಬ ಒಂದು ನೋಟುಪುಸ್ತಕ ಹಿಡಿದು ಬಂದ. 'ಸಾರ್, ಇದು ಕಾದಂಬರಿ. 2084ನೇ ಇಸವಿಯಲ್ಲಿ ನಡೆಯುತ್ತದೆ' ಎಂದ. ನಮ್ಮವನೇ ಹುಡುಗ. ಅವನ ಕಾದಂಬರಿಯ ನಾಡಿನಲ್ಲಿ ನಮಾಜಿಗೆ ಪರವಾನಗಿ ಬೇಕು, ಊರುಗಳ ಹೆಸರು ಬದಲಾಗಿವೆ, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ಕೇಳಲು ಅಧಿಕಾರಿ ಬರುತ್ತಾನೆ. ಚೆನ್ನಾಗಿಯೇ ಬರೆದಿದ್ದ. ಆದರೆ ಆ ನಾಡಿನಲ್ಲಿ ದಬ್ಬಾಳಿಕೆ ಮಾಡುವವರೆಲ್ಲ 'ಅವರು', ನರಳುವವರೆಲ್ಲ 'ನಾವು'. ನಮ್ಮ ಪೈಕಿ ಒಬ್ಬನಾದರೂ ಕೆಟ್ಟವನಿರಲಿಲ್ಲ. ಬಡ್ಡಿ ತಿನ್ನುವವನಿರಲಿಲ್ಲ, ಹೆಂಡತಿಯನ್ನು ಹೊಡೆಯುವವನಿರಲಿಲ್ಲ, ಅಧಿಕಾರಿಗೆ ಸುದ್ದಿ ಮುಟ್ಟಿಸುವವನೂ ಇರಲಿಲ್ಲ.

ಅದೇ ಸಂಜೆ ಹೊಸನಗರದ ಕಡೆಯ ಹುಡುಗಿಯೊಬ್ಬಳು ತನ್ನ ಕತೆ ಕೊಟ್ಟಳು. 1799ರಲ್ಲಿ ಶ್ರೀರಂಗಪಟ್ಟಣ ಬೀಳಲಿಲ್ಲ, ಟಿಪ್ಪು ಗೆದ್ದ, ಮುಂದೇನಾಯಿತು ಎಂಬುದು ಕತೆ. ಅದರಲ್ಲಿ ಅವಳ ಊರಿನ ದೇವಸ್ಥಾನದ ಗಂಟೆ ನಿಲ್ಲುತ್ತದೆ. ಅಲ್ಲಿ ದಬ್ಬಾಳಿಕೆ ಮಾಡುವವರೆಲ್ಲ ನಾವು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅವಲಕ್ಕಿ ತಿಂದಿದ್ದರು. ಒಬ್ಬರ ಕತೆಯನ್ನು ಇನ್ನೊಬ್ಬರು ಓದಿರಲಿಲ್ಲ.

ಅಂದು ಇಬ್ಬರಿಗೂ ಸರಿಯಾದ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಭಾಷೆ ಚೆನ್ನಾಗಿದೆ, ಇನ್ನೂ ಬರೆಯಿರಿ ಎಂದಷ್ಟೇ ಹೇಳಿ ಬಸ್ಸು ಹತ್ತಿದೆವು. ಈ ಬರಹ ಆ ಬಾಕಿ ಉತ್ತರ.

ಆ ಇಬ್ಬರೂ ಕೈಯಿಟ್ಟ ಪ್ರಕಾರಗಳಿಗೆ ಜಗತ್ತಿನ ಸಾಹಿತ್ಯದಲ್ಲಿ ದೊಡ್ಡ ಚರಿತ್ರೆಯಿದೆ. ನಾಡು ಕೆಟ್ಟರೆ ಎಲ್ಲಿಗೆ ಮುಟ್ಟೀತು ಎಂದು ಮುಂದಿನ ಕಾಲವನ್ನು ಕಲ್ಪಿಸುವುದು ಒಂದು ಬಗೆ. ಅದನ್ನು ಡಿಸ್ಟೋಪಿಯಾ ಎನ್ನುತ್ತಾರೆ. ನಡೆದ ಇತಿಹಾಸವನ್ನು ಒಂದು ತಿರುವಿನಲ್ಲಿ ಹಿಡಿದು 'ಒಂದು ವೇಳೆ ಹೀಗಾಗಿದ್ದರೆ' ಎಂದು ಕೇಳುವುದು ಇನ್ನೊಂದು ಬಗೆ; ಅದು ಪರ್ಯಾಯ ಇತಿಹಾಸ. ಮೊದಲನೆಯದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಜಾರ್ಜ್ ಆರ್ವೆಲ್. ಅವರು ಹುಟ್ಟಿದ್ದು 1903ರಲ್ಲಿ, ನಮ್ಮದೇ ದೇಶದ ಬಿಹಾರದ ಮೋತಿಹಾರಿಯಲ್ಲಿ. ಅವರ '1984' ಪ್ರಕಟವಾದದ್ದು 1949ರಲ್ಲಿ. ಅದಕ್ಕೂ ಮೊದಲು ರಷ್ಯದ ಜಮ್ಯಾತಿನ್ 'ನಾವು' ಎಂಬ ಅರ್ಥದ ಹೆಸರಿಟ್ಟು ಒಂದು ಕಾದಂಬರಿ ಬರೆದಿದ್ದರು. ಅದರಲ್ಲಿ ಮನುಷ್ಯರಿಗೆ ಹೆಸರಿಲ್ಲ, ಸಂಖ್ಯೆಯಿದೆ. ಮನೆಗಳಿಗೆ ಗಾಜಿನ ಗೋಡೆ. ಅವರ ಸ್ವಂತ ನಾಡಿನಲ್ಲಿ ಅದು ಅಚ್ಚಾದದ್ದು 1988ರಲ್ಲಿ.

ಇಬ್ಬರ ಬಗ್ಗೆಯೂ ನಾವು ಮರೆಯುವ ಒಂದು ಸಂಗತಿಯಿದೆ. ಜಮ್ಯಾತಿನ್ ಜಾರನ ಕಾಲದಲ್ಲಿ ಬೊಲ್ಶೆವಿಕ್ ಆಗಿ ಜೈಲಿಗೆ ಹೋದವರು. ಆರ್ವೆಲ್ ಸಮಾಜವಾದಿ, ಸ್ಪೇನಿನಲ್ಲಿ ಫ್ಯಾಸಿಸ್ಟರ ವಿರುದ್ಧ ಬಂದೂಕು ಹಿಡಿದು ಕುತ್ತಿಗೆಗೆ ಗುಂಡು ತಿಂದವರು. ಶತ್ರುವಿನ ಪಾಳೆಯದ ಬಗ್ಗೆ ಬರೆದಿದ್ದರೆ ಅವರಿಗೆ ಸುಲಭವಿತ್ತು. ಅವರು ಬರೆದದ್ದು ತಮ್ಮದೇ ಪಾಳೆಯಕ್ಕೆ ಹತ್ತಿದ ರೋಗದ ಬಗ್ಗೆ.

ಇಂಥ ಬರಹ ಹುಡುಕಿಕೊಂಡು ಲಂಡನ್ನಿಗೋ ಮಾಸ್ಕೋಗೋ ಹೋಗಬೇಕಾಗಿಲ್ಲ. ಆ ಕಮ್ಮಟದ ಮಕ್ಕಳು ಬಂದಿದ್ದ ಮೂರು ತಾಲೂಕುಗಳಲ್ಲೇ ಇದಕ್ಕೆ ಬೇಕಾದ ಎಲ್ಲ ಸಾಮಗ್ರಿಯಿದೆ.

ಹೊಸನಗರ ತಾಲೂಕಿನ ನಗರದಿಂದಲೇ ಹೊರಡೋಣ. ಹಿಂದೆ ಅದು ಬಿದನೂರು, ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರ ಎಂದು ಕರೆದ. ಜನರ ಬಾಯಲ್ಲಿ ಹೈದರ್ ಉದುರಿಹೋಗಿ ನಗರ ಉಳಿಯಿತು. ಟಿಪ್ಪು ಬಿದ್ದ ಮೇಲೆ ಸೀಮೆ ಮೈಸೂರಿನ ಒಡೆಯರ ಕೈಗೆ ಬಂತು. 1830ರ ಹೊತ್ತಿಗೆ ಕಂದಾಯದ ಭಾರ ಮತ್ತು ಅಧಿಕಾರಿಗಳ ಸುಲಿಗೆ ತಡೆಯಲಾರದೆ ನಗರ ಸೀಮೆಯ ರೈತರು ಕೂಟ ಸೇರಿದರು. ಕಂದಾಯ ಕೊಡುವುದಿಲ್ಲ ಎಂದರು. ಆ ದಂಗೆಯ ನಡುವೆ ಸಾದರ ಮಲ್ಲ ಎಂಬಾತ ಬೂದಿ ಬಸಪ್ಪ ನಾಯಕ ಎಂಬ ಹೆಸರಿನಲ್ಲಿ ಎದ್ದು ನಿಂತು, ತಾನು ಕೆಳದಿಯ ವಂಶದವನು, ನಗರದ ಗಾದಿ ತನ್ನದು ಎಂದ. ಕೆಳದಿಯ ಆಳ್ವಿಕೆ ಮುಗಿದು ಅರವತ್ತೇಳು ವರ್ಷವಾಗಿತ್ತು. ಆದರೂ ಸಾವಿರಾರು ಜನ ಅವನ ಹಿಂದೆ ಹೋದರು.

ಇದನ್ನು ನಾವು ಪರ್ಯಾಯ ಇತಿಹಾಸವೆಂದೇ ಓದುತ್ತೇವೆ. ಕಾಗದದ ಮೇಲೆ ಬರೆದದ್ದಲ್ಲ, ರೈತರು ಮೈಮೇಲೆ ಎಳೆದುಕೊಂಡದ್ದು. 'ಕೆಳದಿ ಬೀಳದೇ ಇದ್ದಿದ್ದರೆ' ಎಂಬ ಮಾತಿಗೆ ಅವರು ಒಬ್ಬ ಮನುಷ್ಯನನ್ನೇ ಹುಡುಕಿ ನಿಲ್ಲಿಸಿದರು. ಆದದ್ದೇನು? ದಂಗೆಯನ್ನು ತುಳಿಯಲಾಯಿತು. ಆಡಳಿತ ಕೆಟ್ಟಿದೆ ಎಂಬ ಕಾರಣ ಹೇಳಿ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಮರಳಿ ಒಡೆಯರಿಗೆ ಕೊಟ್ಟದ್ದು 1881ರಲ್ಲಿ. ಹಳೆಯ ರಾಜನನ್ನು ಬಯಸಿದವರಿಗೆ ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ ಸಿಕ್ಕಿತು. ರೈತರ ಸಿಟ್ಟು ನ್ಯಾಯವಾದದ್ದೇ. ಆದರೆ ಅವರ 'ಒಂದು ವೇಳೆ' ಹಿಂದಕ್ಕೆ ಮುಖ ಮಾಡಿತ್ತು. ಕಳೆದುಹೋದ ಗಾದಿಯ ಮೇಲೆ ತಮ್ಮ ಬಿಡುಗಡೆಯನ್ನು ಕೂರಿಸಿತ್ತು.

ನೂರಿಪ್ಪತ್ತು ವರ್ಷ ಕಳೆದ ಮೇಲೆ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಇನ್ನೊಂದು ಬಗೆಯ ಪ್ರಶ್ನೆ ಎದ್ದಿತು. ಅಲ್ಲಿ ಸಿಂಹಾಸನದ ಮಾತಿರಲಿಲ್ಲ, ಕೊಳಗದ ಮಾತಿತ್ತು. ಗೇಣಿಯ ಭತ್ತ ಅಳೆಯುವಾಗ ಧಣಿಯ ಮನೆಯ ಕೊಳಗ ಸರ್ಕಾರದ ಕೊಳಗಕ್ಕಿಂತ ದೊಡ್ಡದಿರುತ್ತಿತ್ತು. ವರ್ಷವಿಡೀ ಕೆಸರಿನಲ್ಲಿ ನಿಂತವನ ಅನ್ನ ಆ ಅಳತೆಯಲ್ಲೇ ಸೋರಿ ಹೋಗುತ್ತಿತ್ತು. ಧಣಿಯ ಎದುರು ಮೊಣಕಾಲಿನ ಕೆಳಗೆ ಪಂಚೆ ಇಳಿಬಿಡುವಂತಿಲ್ಲ ಎಂಬಂಥ ಕಟ್ಟಳೆಗಳ ನೆನಪು ಆ ಕಡೆಯ ಹಳಬರಲ್ಲಿತ್ತು. ಒಕ್ಕಲುಗಳಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಬಲದಿಂದ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಸಮಾಜವಾದಿಗಳು ಅದರೊಳಗೆ ಬಂದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಈ ಹೋರಾಟದ ಕತೆಯನ್ನು ಜಿ. ರಾಜಶೇಖರ್ ತಮ್ಮ 'ಕಾಗೋಡು ಸತ್ಯಾಗ್ರಹ' ಪುಸ್ತಕದಲ್ಲಿ ಬರೆದಿದ್ದಾರೆ. ದೇಶ ಸ್ವತಂತ್ರವಾಗಿ ನಾಲ್ಕು ವರ್ಷವಾಗಿತ್ತು, ಸಂವಿಧಾನ ಜಾರಿಗೆ ಬಂದು ಒಂದು ವರ್ಷ ದಾಟಿತ್ತು ಎಂಬುದನ್ನು ನೆನಪಿಡಬೇಕು. ದಬ್ಬಾಳಿಕೆಗೆ ದೆಹಲಿಯೇ ಬೇಕೆಂದಿಲ್ಲ. ಒಂದು ಮರದ ಕೊಳಗ ಸಾಕು.

ಈ ಹೋರಾಟದಿಂದ ಮೇಲೆದ್ದ ಹೆಸರು ಶಾಂತವೇರಿ ಗೋಪಾಲಗೌಡರದು. ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರ ಅವರನ್ನು ವಿಧಾನಸಭೆಗೆ ಕಳಿಸಿತು. 1962 ಮತ್ತು 1967ರಲ್ಲಿ ಮಲೆನಾಡು ಮತ್ತೆ ಆರಿಸಿತು. ಅಧಿಕಾರದ ಕುರ್ಚಿಯಲ್ಲಿ ಅವರು ಒಂದು ದಿನವೂ ಕೂರಲಿಲ್ಲ. ಕಾಯಿಲೆಯಿಂದ ನರಳಿ 1972ರ ಜೂನ್ 9ರಂದು ತೀರಿಕೊಂಡಾಗ ವಯಸ್ಸು ನಲವತ್ತೊಂಬತ್ತು. ಮುಂದೆ ಆದ ಮೂರು ಸಂಗತಿಗಳನ್ನು ಅವರು ನೋಡಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ, 1975ರ ಜೂನ್‌ನಲ್ಲಿ ಬಂದ ತುರ್ತು ಪರಿಸ್ಥಿತಿ, ಮತ್ತು ಅವರ ಕಿರಿಯ ಸಂಗಾತಿಗಳಿಗೆ ಅಧಿಕಾರ ಕೈಗೆಟುಕಿದ ಕಾಲ.

1978ರಲ್ಲಿ ಯು. ಆರ್. ಅನಂತಮೂರ್ತಿಯವರ 'ಅವಸ್ಥೆ' ಬಂತು. ಅನಂತಮೂರ್ತಿಯವರೂ ತೀರ್ಥಹಳ್ಳಿ ತಾಲೂಕಿನವರು, ಮೇಳಿಗೆಯಲ್ಲಿ ಹುಟ್ಟಿದವರು, ಲೋಹಿಯಾವಾದಿ, ಗೋಪಾಲಗೌಡರ ಸ್ನೇಹಿತ. 'ಅವಸ್ಥೆ'ಯ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರ ಛಾಯೆಯಿದೆ ಎಂಬುದನ್ನು ಎಲ್ಲರೂ ಗುರುತಿಸಿದ್ದಾರೆ. ನಾವು ಗುರುತಿಸಬೇಕಾದದ್ದು ಇನ್ನೊಂದಿದೆ. ಗೋಪಾಲಗೌಡರ ಜೀವನ ಮುಟ್ಟದೇ ಹೋದ ಕಡೆಗೆ ಆ ಕಾದಂಬರಿ ಕೃಷ್ಣಪ್ಪನನ್ನು ಕರೆದೊಯ್ಯುತ್ತದೆ. ಪಾರ್ಶ್ವವಾಯು ಹೊಡೆದು ಮಲಗಿರುವ ನಾಯಕನ ಬಾಗಿಲಿಗೆ ಅಧಿಕಾರವೇ ನಡೆದು ಬರುತ್ತದೆ. 'ಒಂದು ವೇಳೆ ಅವರು ಬದುಕಿದ್ದು, ಕುರ್ಚಿ ಅವರ ಮುಂದೆ ಬಂದಿದ್ದರೆ?' ಕನ್ನಡದಲ್ಲಿ ಪರ್ಯಾಯ ಇತಿಹಾಸದ ಕಾದಂಬರಿ ಇಲ್ಲವೆಂದು ಕೊರಗುವವರು 'ಅವಸ್ಥೆ'ಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಬೇಕು.

ಸ್ನೇಹಿತನ ಬಗ್ಗೆ ಬರೆಯುವಾಗ ಅನಂತಮೂರ್ತಿ ಒಂದು ಪುಣ್ಯಕಥೆ ಬರೆಯಬಹುದಿತ್ತು. ಸಾಮಗ್ರಿ ಇತ್ತು: ದನ ಕಾಯುವ ಬಡ ಹುಡುಗ, ಕ್ರಾಂತಿಕಾರಿ ಅಣ್ಣಾಜಿಯ ಸಹವಾಸ, ವಾರಂಗಲ್ಲಿನ ಪೊಲೀಸರ ಚಿತ್ರಹಿಂಸೆ, ರೈತರ ಹೋರಾಟ. ಆದರೆ ಅದೇ ಕೃಷ್ಣಪ್ಪ ಮನೆಯೊಳಗೆ ಹೆಂಡತಿಯ ಮೇಲೆ ಹರಿಹಾಯುತ್ತಾನೆ. ಜಗತ್ತಿನ ಅನ್ಯಾಯವನ್ನೆಲ್ಲ ಪ್ರಶ್ನಿಸಿದವನ ಕೈಕೆಳಗೆ ಒಂದು ಜೀವ ನಲುಗುತ್ತಿದೆ. ಅವನ ಕಾಯಿಲೆಯ ಖರ್ಚಿನ ಸುತ್ತ, ಅನುಕೂಲಗಳ ಸುತ್ತ ಕಂಟ್ರಾಕ್ಟರನ ಹಣ ಸದ್ದಿಲ್ಲದೆ ಸುಳಿದಾಡುತ್ತದೆ. ಅಧಿಕಾರ ಹಿಡಿದರೆ ಬಡವರಿಗೆ ಒಳ್ಳೆಯದು ಮಾಡಬಹುದಲ್ಲ ಎಂಬ ಮಾತು ಅವನ ಕಿವಿಗೆ ಬೀಳುತ್ತದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಕಡೆಗೆ ಅವನು ಏನು ಮಾಡುತ್ತಾನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಓದದವರು ಓದಿಕೊಳ್ಳಲಿ. ತನ್ನ ಪಾಳೆಯದ ಅತ್ಯಂತ ಒಳ್ಳೆಯ ಮನುಷ್ಯನನ್ನೇ ತಕ್ಕಡಿಗೆ ಹಾಕಿದ್ದು ಈ ಕಾದಂಬರಿಯ ಧೈರ್ಯ. ಧಣಿಯ ಕೊಳಗ ದೊಡ್ಡದು ಎಂದು ಹೋರಾಡಿದವನ ಮನೆಯ ಕೊಳಗವನ್ನೂ ಅದು ಅಳೆದು ನೋಡಿತು.

ಕಾದಂಬರಿ ಕೇಳಿದ ಪ್ರಶ್ನೆಗೆ ನಡೆದ ಇತಿಹಾಸವೂ ಒಂದು ಉತ್ತರ ಕೊಟ್ಟಿತು. ಸಮಾಜವಾದಿ ಪಕ್ಷದ ಪಾಠಶಾಲೆಯಿಂದ ಬಂದ ಎಸ್. ಬಂಗಾರಪ್ಪ 1990ರಲ್ಲಿ, ಜೆ. ಎಚ್. ಪಟೇಲ್ 1996ರಲ್ಲಿ ಮುಖ್ಯಮಂತ್ರಿಗಳಾದರು. ಅವರ ಆಡಳಿತದ ಲೆಕ್ಕ ಇಲ್ಲಿ ಬೇಡ. ಆ ಹೊತ್ತಿಗೆ 'ಅವಸ್ಥೆ' ಓದಿದ್ದವರಿಗೆ ಕುರ್ಚಿಯ ಸುತ್ತ ನಡೆಯುವುದು ಯಾವುದೂ ಹೊಸದೆನಿಸಿರಲಾರದು.

ತುರ್ತು ಪರಿಸ್ಥಿತಿಯ ಮಾತು ಬಂತಲ್ಲ, ಅದನ್ನೂ ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ನಾಡು ಸರ್ವಾಧಿಕಾರವನ್ನು ಕಣ್ಣಾರೆ ಕಂಡ ಇಪ್ಪತ್ತೊಂದು ತಿಂಗಳು ಅವು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬೆಂಗಳೂರಿನ ಜೈಲಿಗೆ ಹಾಕಿದರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳನ್ನು ಕೆಡವಿದರು, ಗುಂಡು ಹಾರಿಸಿದರು. 1975ರ ಜುಲೈನಲ್ಲಿ ನಿಷೇಧಕ್ಕೊಳಗಾದ ಸಂಘಟನೆಗಳಲ್ಲಿ ಆರೆಸ್ಸೆಸ್ ಇತ್ತು, ಜಮಾಅತೆ ಇಸ್ಲಾಮಿ ಹಿಂದ್ ಕೂಡ ಇತ್ತು. ಹೊರಗೆ ಒಬ್ಬರ ಮುಖ ಒಬ್ಬರು ನೋಡದವರು ಒಳಗೆ ಒಂದೇ ಗಂಟೆಗೆ ಎದ್ದರು, ಒಂದೇ ಸಾರು ಉಂಡರು. ರಾಹಿ ಮಾಸೂಮ್ ರಜಾ ಆ ಕಾಲವನ್ನು 'ಕಟ್ರಾ ಬೀ ಆರ್ಜೂ' ಕಾದಂಬರಿಯಲ್ಲಿ ಒಂದು ಗಲ್ಲಿಯ ಬಡವರ ಕಣ್ಣಿನಿಂದ ಬರೆದರು.

ಆದರೆ ಮಲೆನಾಡಿನಲ್ಲಿ ಅದೇ ತಿಂಗಳುಗಳಿಗೆ ಇನ್ನೊಂದು ಮುಖವಿತ್ತು. ದೇವರಾಜ ಅರಸು ಸರ್ಕಾರದ ಭೂ ನ್ಯಾಯಮಂಡಳಿಗಳು ಆಗ ಕೆಲಸ ಮಾಡುತ್ತಿದ್ದವು. ಗೇಣಿದಾರರು ಡಿಕ್ಲರೇಷನ್ ಕೊಟ್ಟರು. ಕಾಗೋಡಿನಲ್ಲಿ ಯಾವ ಮಾತಿಗಾಗಿ ಜನ ಜೈಲಿಗೆ ಹೋಗಿದ್ದರೋ ಆ ಮಾತು ಕಾನೂನಾಗಿ ಉಳುವವನ ಹೆಸರು ಪಹಣಿಗೆ ಬರತೊಡಗಿತ್ತು. ದೆಹಲಿಯಲ್ಲಿ ಮನೆ ಒಡೆದ ಕಾಲದಲ್ಲೇ ಸಾಗರದ ಒಬ್ಬ ಒಕ್ಕಲಿಗೆ ಗದ್ದೆ ಸಿಕ್ಕಿತು. ಅವನ ಮುಂದೆ ನಿಂತು ಅದು ಕರಾಳ ಕಾಲ ಎಂದರೆ ಅವನು ಏನೆಂದಾನು? ಹಾಗೆಂದು ಗದ್ದೆ ಸಿಕ್ಕಿತೆಂಬ ಕಾರಣಕ್ಕೆ ಜೈಲಿನಲ್ಲಿ ಉಸಿರು ಕಟ್ಟಿದ ಹೆಣ್ಣುಮಗಳನ್ನು ಮರೆಯಬಹುದೇ? ಕಾನೂನು ಬಂದದ್ದು ತುರ್ತು ಪರಿಸ್ಥಿತಿಗೆ ಮೊದಲೇ, ಅದಕ್ಕೆ ಸರ್ವಾಧಿಕಾರ ಬೇಕಾಗಿರಲಿಲ್ಲ ಎಂದು ನಾವು ವಾದಿಸಬಹುದು. ಆದರೆ ವಾದ ಬೇರೆ, ಆ ಒಕ್ಕಲಿನ ಕೃತಜ್ಞತೆ ಬೇರೆ. ಸರ್ವಾಧಿಕಾರದ ಬಗ್ಗೆ ಕಾದಂಬರಿ ಬರೆಯುವವರು ಇವೆರಡನ್ನೂ ಒಂದೇ ಪುಟದಲ್ಲಿ ಹಿಡಿದಿಡಬೇಕಾಗುತ್ತದೆ. ದಬ್ಬಾಳಿಕೆ ಬರಿಗೈಯಲ್ಲಿ ಬರುವುದಿಲ್ಲ. ಯಾರಿಗೋ ಏನನ್ನೋ ಕೊಡುತ್ತಾ ಬರುತ್ತದೆ. ಕಮ್ಮಟದ ಹುಡುಗನ 2084ರಲ್ಲಿ ಈ ಕೊಡುವ ಕೈ ಇರಲಿಲ್ಲ. ಅದಕ್ಕೇ ಜನ ಅದನ್ನು ಯಾಕೆ ಸಹಿಸಿಕೊಂಡರು ಎಂಬುದು ಅವನ ಕಾದಂಬರಿಯಲ್ಲಿ ತಿಳಿಯುತ್ತಿರಲಿಲ್ಲ.

ಮುಖವಿಲ್ಲದ ದಬ್ಬಾಳಿಕೆಯೂ ಈ ಸೀಮೆಗೆ ಗೊತ್ತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ನಿಂತಿತು. ಸಾಗರ, ಹೊಸನಗರ ತಾಲೂಕುಗಳ ಊರೂರೇ ನೀರಿನಡಿಗೆ ಹೋದವು. ನಾಡಿಗೆ ಬೆಳಕು ಬಂತು; ಎದ್ದು ಹೋದವರಲ್ಲಿ ಎಷ್ಟೋ ಮನೆಯವರು ಹೋದ ಕಡೆಯ ಭೂಮಿಯ ಹಕ್ಕುಪತ್ರಕ್ಕಾಗಿ ಹತ್ತಾರು ವರ್ಷ ಕಚೇರಿ ಅಲೆದರು. ಸಾಗರದ ನಾ. ಡಿಸೋಜ ಇದನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. 'ದ್ವೀಪ'ದಲ್ಲಿ ಗಣಪಯ್ಯ, ನಾಗವೇಣಿ ಇರುವ ಗುಡ್ಡದ ಸುತ್ತ ನೀರು ದಿನದಿನವೂ ಏರುತ್ತದೆ. ಅಲ್ಲಿ ಕೇಡಿಗನಿಲ್ಲ, ಪರಿಹಾರದ ಕಡತವಿದೆ. ಇದೇ ಕತೆಯನ್ನು ತೀರ್ಥಹಳ್ಳಿ ತಾಲೂಕಿನ ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. 2025ರ ಜನವರಿಯಲ್ಲಿ ತೀರಿಕೊಂಡ ಡಿಸೋಜ ನೌಕರಿ ಮಾಡಿದ್ದು ಲೋಕೋಪಯೋಗಿ ಇಲಾಖೆಯಲ್ಲಿ. ಸರ್ಕಾರದ ಸಂಬಳ ಉಣ್ಣುತ್ತಲೇ ಸರ್ಕಾರಿ ಕಡತದ ಕ್ರೌರ್ಯವನ್ನು ಬರೆದರು. ಅವರೂ ಒಳಗಿನವರೇ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಮ್ಮಲ್ಲೂ ಒಂದು 'ಒಂದು ವೇಳೆ' ಇದೆ: ಟಿಪ್ಪು ಸೋಲದಿದ್ದರೆ. 1976ರಲ್ಲಿ ಭಗವಾನ್ ಗಿದ್ವಾನಿ ಇಂಗ್ಲಿಷಿನಲ್ಲಿ ಬರೆದ 'ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಕಾದಂಬರಿ 1990ರಲ್ಲಿ ದೂರದರ್ಶನದ ಧಾರಾವಾಹಿಯಾಗಿ ಬಂತು. ಟಿವಿ ಇದ್ದ ಮನೆಯಲ್ಲಿ ಬೀದಿಯವರೆಲ್ಲ ಸೇರುತ್ತಿದ್ದರು. ಇದು ಕಾದಂಬರಿಯನ್ನು ಆಧರಿಸಿದ ಕಲ್ಪನೆ ಎಂಬ ಸೂಚನೆ ಪರದೆಯ ಮೇಲೆ ಬರುತ್ತಿತ್ತು. ನಾವು ಅದನ್ನು ಓದದೆ ದಾಟಿಸಿ ಕುದುರೆಗಳಿಗಾಗಿ ಕಾಯುತ್ತಿದ್ದೆವು. 2007ರಲ್ಲಿ ಎಸ್. ಎಲ್. ಭೈರಪ್ಪನವರ 'ಆವರಣ' ಬಂದಾಗ ಇನ್ನೊಂದು ಕಡೆಯ ಮನೆಗಳಲ್ಲಿ ಅದನ್ನೂ ಹಾಗೆಯೇ ಓದಿದರು. ಅದರೊಳಗೆ ಆಕರ ಗ್ರಂಥಗಳ ಪಟ್ಟಿಯಿತ್ತು. ಕಾದಂಬರಿಯನ್ನೇ ಇತಿಹಾಸದ ತೀರ್ಪೆಂದು ಬಹಳ ಮಂದಿ ತೆಗೆದುಕೊಂಡರು. ಒಂದು ಕೃತಿ ಒಬ್ಬ ರಾಜನನ್ನು ಬೆಳಗಿತು, ಇನ್ನೊಂದು ಒಂದು ಸಮುದಾಯದ ಚರಿತ್ರೆಯನ್ನು ಕಟಕಟೆಗೆ ಹತ್ತಿಸಿತು. ಎರಡನ್ನೂ ಓದಿ ಎದ್ದವರಿಗೆ ತಮ್ಮ ಮೇಲೆ ಸಂಶಯ ಹುಟ್ಟುವುದಿಲ್ಲ. ಓದುವ ಮೊದಲು ಯಾರನ್ನು ನಂಬಿದ್ದೆವೋ ಓದಿದ ಮೇಲೂ ಅವರನ್ನೇ ನಂಬುತ್ತೇವೆ. ಬೂದಿ ಬಸಪ್ಪನ ಹಿಂದೆ ಹೋದವರ ನೆನಪು ನಮಗೆ ಬರುವುದು ಇಲ್ಲಿ.

ಉರ್ದುವಿನಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಕೃತಿಯಿದೆ. ಅದು ಗುಲಾಮ್ ಅಬ್ಬಾಸ್ ಬರೆದ 'ಧನಕ್'. ಧನಕ್ ಎಂದರೆ ಕಾಮನಬಿಲ್ಲು. ಪ್ರಕಟವಾದದ್ದು 1969ರಲ್ಲಿ. ಪಾಕಿಸ್ತಾನದ ವೀರನೊಬ್ಬ ಚಂದ್ರನ ಮೇಲೆ ಇಳಿಯುತ್ತಾನೆ. ದೇಶವೆಲ್ಲ ಹಬ್ಬ ಮಾಡುವಾಗ ಮೌಲ್ವಿಗಳು ಇದು ಧರ್ಮವಿರೋಧಿ ಎನ್ನುತ್ತಾರೆ. ಸರ್ಕಾರ ಬೀಳುತ್ತದೆ, ಧರ್ಮದ ಹೆಸರಿನ ಆಳ್ವಿಕೆ ಬರುತ್ತದೆ. ಕೂಡಲೇ ಯಾರು ನಿಜವಾದ ಮುಸ್ಲಿಮರು ಎಂದು ಪಂಗಡ ಪಂಗಡಗಳ ನಡುವೆ ಕಾದಾಟ ಶುರು. ಕತೆ ಶುರುವಾಗುವುದು ಮುಗಿಲೆತ್ತರದ ಹೋಟೆಲಿನಲ್ಲಿ, ಮುಗಿಯುವುದು ಮರುಭೂಮಿಯಲ್ಲಿ. ಜಿಯಾ ಉಲ್ ಹಕ್ ಅಧಿಕಾರ ಹಿಡಿದದ್ದು 1977ರಲ್ಲಿ. ಅಬ್ಬಾಸ್ ಅದಕ್ಕೆ ಎಂಟು ವರ್ಷ ಮೊದಲೇ ಬರೆದಿದ್ದರು. ಇದನ್ನು ಮೊದಲ ಸಲ ಓದಿದಾಗ ನಮಗೆ ಸಿಟ್ಟು ಬಂದಿತ್ತು. ಇದನ್ನು ಹೊರಗಿನವರು ಓದಿದರೆ ಏನೆಂದುಕೊಂಡಾರು ಎಂಬ ಅಂಜಿಕೆಯೂ ಇತ್ತು. ಈಗ ಅನಿಸುವುದು, ಇದು ಸಮುದಾಯದ ಮೇಲೆ ಪ್ರೀತಿ ಇದ್ದವರು ಮಾತ್ರ ಬರೆಯಬಹುದಾದ ಕತೆ. ಹಗೆಯಿಂದ ಬರೆದಿದ್ದರೆ ಆ ಕೊನೆಯ ಮರುಭೂಮಿಯಲ್ಲಿ ಅಷ್ಟು ದುಃಖ ಇರುತ್ತಿರಲಿಲ್ಲ.

ಒಂದು ಆಕ್ಷೇಪಣೆ ನಮಗೆ ಗೊತ್ತಿದೆ. ಬಲ ಇರುವವರು ತಮ್ಮ ಮನೆಯನ್ನು ಟೀಕಿಸಿಕೊಂಡರೆ ಅವರಿಗೆ ಹೆಸರು ಬರುತ್ತದೆ, ಬಲವಿಲ್ಲದವರು ಟೀಕಿಸಿಕೊಂಡರೆ ಅದನ್ನೇ ಹಿಡಿದು ಅವರನ್ನು ಹೊಡೆಯುತ್ತಾರೆ ಎಂಬುದು. ನಿಜ. ಸಾರಾ ಅಬೂಬಕ್ಕರ್ ಅವರನ್ನು, ಬಾನು ಮುಷ್ತಾಕ್ ಅವರನ್ನು ಒಳಗಿನವರೂ ಬೈದರು. ಅವರ ಬರಹವನ್ನು ತಮಗೆ ಬೇಕಾದಂತೆ ಬಳಸಿಕೊಂಡವರು ಹೊರಗೂ ಇದ್ದರು. ಆದರೂ ಅವರು ಬರೆದರು. ಆ ಹುಡುಗನ ಭಯ ಸುಳ್ಳಲ್ಲ, ಅದನ್ನು ಅವನು ಬರೆಯಲೇಬೇಕು. ಇವತ್ತು ಈ ದೇಶದಲ್ಲಿ ಅವನ ವಯಸ್ಸಿನ ಹುಡುಗ ಏನೇನು ಕೇಳಿಸಿಕೊಳ್ಳುತ್ತಾನೆ ಎಂಬುದು ನಮಗೂ ಗೊತ್ತು. ಆದರೆ ತನ್ನ ಕಾದಂಬರಿಯಲ್ಲಿ ಅವನು ಇನ್ನೊಂದು ಮನೆ ಕಟ್ಟಲಿ. ಅಲ್ಲಿ ನಮ್ಮವನೇ ಒಬ್ಬ ದೊಡ್ಡ ಕೊಳಗ ಇಟ್ಟುಕೊಂಡಿರಲಿ. ಅಧಿಕಾರಿ ಬಂದಾಗ ಪಕ್ಕದ ಮನೆಯ 'ಅವರ' ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ಸುಳ್ಳು ಹೇಳಿ ಕಳಿಸಲಿ. ಆ ಹುಡುಗಿಗೂ ಇದೇ ಮಾತು. ಟಿಪ್ಪು ಗೆದ್ದ ಅವಳ ನಾಡಿನಲ್ಲಿ, ಕಾಗೋಡಿನ ಒಕ್ಕಲಿನ ಭತ್ತವನ್ನು ಅಳೆಯುತ್ತಿದ್ದವರು ಯಾರು ಎಂದು ಅವಳು ಒಮ್ಮೆ ಕೇಳಿಕೊಳ್ಳಲಿ.

ಕಮ್ಮಟದವರಿಂದ ಇಬ್ಬರ ವಿಳಾಸ ತರಿಸಿಕೊಂಡಿದ್ದೇವೆ. ಈ ಸಂಚಿಕೆ ಬಂದ ಮೇಲೆ ಅಂಚೆಯಲ್ಲಿ ಇಬ್ಬರಿಗೂ ಒಂದೊಂದು ಪ್ರತಿ ಕಳಿಸುತ್ತೇವೆ. ಜೊತೆಗೆ ಅವರ ಒಪ್ಪಿಗೆ ಕೇಳಿ, ಹುಡುಗನ ನೋಟುಪುಸ್ತಕದ ಜೆರಾಕ್ಸ್ ಹುಡುಗಿಗೆ, ಹುಡುಗಿಯ ಕತೆಯ ಜೆರಾಕ್ಸ್ ಹುಡುಗನಿಗೆ.